ಹೂಂ ಅನ್ನದ ಪರೀಕ್ಷಕ

ಸಂಸ್ಥಾನದ ಕಾಲದಲ್ಲಿ, ಗಡಹಿಂಗ್ಲಜದ ಹತ್ತಿರದ ನೂಲ ಎಂಬ ಊರಿನ ಶಾಲೆಗೆ ಪರೀಕ್ಷಕನಾಗಿ ಹೋಗಿದ್ದೆ. ಮಕ್ಕಳಿಂದ ಕಥೆ ಹೇಳಿಸಿ ವ್ಯಾಕರಣದ ತಪ್ಪು ಎಣಿಸುವುದು ನನ್ನ ಕೆಲಸ. ಕಥೆ ಅರ್ಧಕ್ಕೆ ನಿಂತರೆ ನಾಪಾಸು. ಪರೀಕ್ಷಕ ಗಂಭೀರವಾಗಿರಬೇಕೆಂದು, ಯಾರೂ ಹೇಳದಿದ್ದರೂ, ಕಲ್ಲಿನಂತೆ ಕೂತಿದ್ದೆ.

ಗಂಗವ್ವ ಎಂಬ ಹುಡುಗಿ, "ಒಂದ ಊರಾಗ ಒಂದ ನರಿ ಇತ್ರಿ," ಎಂದು ನಿಲ್ಲಿಸಿದಳು. ನಾನು ಕಾದೆ. ಅವಳೂ ಕಾದಳು. ನಾಪಾಸು ಬರೆಯಲು ಪೆನ್ಸಿಲ್ ಎತ್ತಿದೆ.

"ಹೂಂ ಅನ್ರಿ ಸಾಹೇಬ್ರ! ನೀವು ಸುಮ್ನ ಕುಂತ್ರ ನರಿ ಹ್ಯಾಂಗ ಮುಂದ ಹೋಗಬೇಕ್ರಿ?"

ಕಥೆ ಕೇಳುವವರು ಪ್ರತಿ ಮಾತಿಗೂ ಹೂಂ ಅನ್ನಬೇಕು. ನಿಮಗೆ ಗೊತ್ತಿರುವುದನ್ನೇ ವಿವರಿಸುತ್ತಿದ್ದೇನೆ, ಆದರೆ ನಾನೇ ಮರೆತಿದ್ದೆ. ಮೆಲ್ಲಗೆ ಹೂಂ ಅಂದೆ, ಆಮೇಲೆ ಜೋರಾಗಿಯೇ ಅಂದೆ.

ಕಥೆ ಮುಗಿದಾಗ ಮಾಸ್ತರರು, "ತಪ್ಪು ಎಷ್ಟಾದುವ್ರಿ?" ಎಂದರು. ಒಂದನ್ನೂ ಎಣಿಸಿರಲಿಲ್ಲ. ಪಾಸು ಎಂದು ಬರೆದೆ. ನರಿ ಬಾವಿಗೆ ಬೀಳುತ್ತಿರುವಾಗ ವ್ಯಾಕರಣ ಯಾರಿಗೆ ನೆನಪಿರುತ್ತದೆ?