ಕರಿ ಉಣ್ಣೆಯ ರತ್ನಗಂಬಳಿ

ನನ್ನ ತವರು ಪಾಮನಕಲ್ಲೂರು. ಕುರಿ ಸಾಕುವ ಮನೆ. ಅವ್ವ ಉಣ್ಣೆ ನೂಲುತ್ತಿದ್ದಳು, ಅಪ್ಪ ಕಂಬಳಿ ನೇಯುತ್ತಿದ್ದ. ಆದರೆ ನಾನು ಮಗ್ಗದ ಮುಂದೆ ಕೂತಿದ್ದು ಮದುವೆಯಾದ ಮೇಲೆ, ದೂರದ ಮುಂಡಗೋಡದಲ್ಲಿ, ಟಿಬೆಟ್ಟಿನವರ ನಡುವೆ.

ನನ್ನ ಗಂಡ ಜೆಸಿಬಿ ಓಡಿಸುತ್ತಿದ್ದರು. ರಸ್ತೆ ಕೆಲಸಕ್ಕೆಂದು ಅಲ್ಲಿಗೆ ಹೋದಾಗ ಟಿಬೆಟನ್ ಕ್ಯಾಂಪಿನ ಪಕ್ಕದಲ್ಲೇ ಬಾಡಿಗೆ ಮನೆ ಸಿಕ್ಕಿತು. ಬೇಸರ ಕಳೆಯಲು ಒಂದು ದಿನ ರತ್ನಗಂಬಳಿ ನೇಯುವ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಳಗಿದ್ದ ಹಿರಿಯ ಹೆಂಗಸೊಬ್ಬಳು ಹಲಗೆಯ ಮೇಲೆ ಸರಿದು ಜಾಗ ಮಾಡಿದಳು.

"ನಿಂತು ನೋಡಿದ್ರ ಬರೂದಿಲ್ಲ. ಬಾ, ಕುಂದ್ರು."

ಎಲ್ಲರೂ ಆಕೆಯನ್ನು ಆಚಾ ಅನ್ನುತ್ತಿದ್ದರು. ಅವರ ಮಾತಿನಲ್ಲಿ ಅಕ್ಕ ಅಂತ. ನನಗೂ ಆಚಾ ಆದಳು.

ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳಿಗೆ ಅಡ್ಡಲಾಗಿ ಸಲಾಕೆ ಹಿಡಿದು, ಬಣ್ಣದ ಉಣ್ಣೆಯನ್ನು ಎಳೆಗೂ ಸಲಾಕೆಗೂ ಸುತ್ತಿ ಗಂಟು ಹಾಕುತ್ತ ಹೋಗಬೇಕು. ಸಾಲು ತುಂಬಿದ ಮೇಲೆ ಬಡಿದು ಬಿಗಿ ಮಾಡಿ, ಸಲಾಕೆಯ ಗುಂಟ ಚಾಕು ಎಳೆದರೆ ಉಣ್ಣೆ ಬಿಚ್ಚಿಕೊಂಡು ಎಳೆಹುಲ್ಲಿನ ಹಾಗೆ ಎದ್ದು ನಿಲ್ಲುತ್ತದೆ. ನನ್ನ ಮೊದಲ ಸಾಲುಗಳನ್ನು ಆಚಾ ಮಾತಿಲ್ಲದೆ ಬಿಚ್ಚಿಹಾಕಿದಳು. ಕಲಿಯುತ್ತ ಕಲಿಯುತ್ತ ವರ್ಷಗಳು ಕಳೆದವು.

ಆಕೆ ಅವ್ವನ ಬೆನ್ನಿಗೆ ಕಟ್ಟಿಸಿಕೊಂಡು ಈ ದೇಶಕ್ಕೆ ಬಂದ ಕೂಸು. ತನ್ನ ನಾಡಿನ ನೆನಪು ಒಂದೂ ಇರಲಿಲ್ಲ. "ಅಲ್ಲೀ ಉಣ್ಣಿ ಮುಟ್ಟಿದ್ರ ದಿನಾ ಪೂರಾ ಕೈಯಾಗ ವಾಸ್ನಿ ಇರತಿತ್ತಂತ, ನಮ್ಮವ್ವ ಹೇಳ್ತಿದ್ಲು. ಈ ಗಿರಣಿ ನೂಲಿಗೆ ಎಲ್ಲೈತಿ?" ಅನ್ನುತ್ತಿದ್ದಳು.

ರಸ್ತೆ ಕೆಲಸ ಮುಗಿದು ನನ್ನ ತವರಿನ ಹತ್ತಿರದ ಮಸ್ಕಿಗೆ ಬಂದೆವು. ಕೂತಲ್ಲೇ ನನ್ನ ಬೆರಳು ಸೆರಗಿನ ಅಂಚಿಗೆ ಗಂಟು ಹಾಕುತ್ತಿದ್ದವು. ಅದನ್ನು ಕಂಡ ಗಂಡ ಲಿಂಗಸುಗೂರಿನ ಬಡಿಗರ ಕಡೆಯಿಂದ ಒಂದು ಸಣ್ಣ ಮಗ್ಗ ಮಾಡಿಸಿ ತಂದರು. "ನಿನ್ನ ಕೈ ಸುಮ್ನ ಕುಂದ್ರವಲ್ವು, ತಗೋ" ಎಂದರು. ತವರಿನಿಂದ ಅಣ್ಣ ಒಂದು ಚೀಲ ನೂತ ಕರಿ ಉಣ್ಣೆ ತಂದಿಟ್ಟ.

ಆ ಚಳಿಗಾಲ ಆಚಾ ತನ್ನ ತಂಗಿಯ ಮಗಳ ಜೊತೆ ಸ್ವೆಟರ್ ಮಾರಲು ಸಿಂಧನೂರಿಗೆ ಬಂದಳು. ಫೋನ್ ಬಂದ ಮರುದಿನವೇ ಹೋಗಿ ಮನೆಗೆ ಕರೆತಂದೆ. ಆಕೆ ಮಗ್ಗ ನೋಡಲಿಲ್ಲ. ಚೀಲದ ಬಾಯಿ ಬಿಚ್ಚಿ, ಉಣ್ಣೆಯನ್ನು ಎರಡೂ ಕೈಯಲ್ಲಿ ಎತ್ತಿ, ಅದರೊಳಗೆ ಮುಖ ಇಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

"ನಮ್ಮವ್ವ ಹೇಳ್ತಿದ್ದದ್ದು ಇದ ಇರಬೇಕು."

ಮುಖ ಎತ್ತಿ, ತನ್ನ ಕೈ ಮೂಸಿ ನೋಡಿಕೊಂಡಳು.

"ಗೊತ್ತಿಲ್ಲ ಬಿಡು. ಇದ ಅಂತ ಇಟ್ಕೋತೀನಿ."

ಅಂದು ಇಬ್ಬರೂ ಒತ್ತಿಕೊಂಡು ಕೂತು ಆ ಉಣ್ಣೆಯಿಂದ ಒಂದು ಸಣ್ಣ ರತ್ನಗಂಬಳಿಯ ಅಂಚು ನೇಯ್ದೆವು. ಗಂಡ ತಂದ ಮಂಡಕ್ಕಿ ಒಗ್ಗರಣಿ-ಮಿರ್ಚಿ ಆರಿ ತಣ್ಣಗಾಯಿತು. ಸಂಜೆಯ ಬಸ್ಸಿಗೆ ಆಕೆ ಹೊರಟಳು.

ಮತ್ತೆ ಬರಲಿಲ್ಲ. ಕಣ್ಣು ಮಂಜಾಗಿ ಕ್ಯಾಂಪಿನಲ್ಲೇ ಉಳಿದಳು. ಉಳಿದ ಭಾಗ ನಾನೊಬ್ಬಳೇ ನೇಯ್ದು, ಮುಂದಿನ ವರ್ಷ ಸ್ವೆಟರ್ ಮಾರಲು ಬಂದ ಆಕೆಯ ತಂಗಿಯ ಮಗಳ ಕೈಯಲ್ಲಿ ಕಳಿಸಿದೆ.

"ಭಾಳ ಬಿರುಸೈತಿ ಬೇ! ಕುಂತ್ರ ಚುಚ್ತೈತಿ," ಎಂದು ಆಚಾ ಫೋನಿನಲ್ಲಿ ನಕ್ಕಳು.

"ಹಂಗಾರ ಮಡಚಿ ಇಡ್ರಿ ಆಚಾ."

"ಯಾಕ ಮಡಚಲಿ? ತಲಿ ಬುಡಕ ಹಾಕ್ಕೊಂಡು ಮಲಗ್ತೀನಿ."

ಈಚೆಗೆ ಫೋನ್ ಮಾಡಿದರೆ ಆಕೆ ನನ್ನನ್ನು ತಂಗಿಯ ಮಗಳೆಂದು ತಿಳಿದು ತನ್ನ ಭಾಷೆಯಲ್ಲೇ ಮಾತಾಡುತ್ತಾಳೆ. ನಾನು ತಿದ್ದುವುದಿಲ್ಲ. ಹ್ಞೂಂ, ಹ್ಞೂಂ ಅನ್ನುತ್ತ ಕೇಳುತ್ತೇನೆ.

ಚಳಿಗಾಲ ಬಂತೆಂದರೆ ಏನಾದರೊಂದು ನೆಪ ಮಾಡಿ ಸಿಂಧನೂರಿಗೆ ಹೋಗುತ್ತೇನೆ. ಸ್ವೆಟರ್ ಅಂಗಡಿಗಳ ಮುಂದೆ ಆ ಹೆಣ್ಣುಮಕ್ಕಳು ತಮ್ಮತಮ್ಮಲ್ಲೇ ಮಾತಾಡುತ್ತಿರುತ್ತಾರೆ. ಅಲ್ಲೊಂದು ಇಲ್ಲೊಂದು ಶಬ್ದ ಬಿಟ್ಟರೆ ನನಗೆ ತಿಳಿಯುವುದಿಲ್ಲ. ಆದರೂ ನಿಲ್ಲುತ್ತೇನೆ. "ಏನ್ ಬೇಕ್ರಿ ಅಕ್ಕಾರ?" ಎಂದು ಕೇಳುತ್ತಾರೆ. ನಿಮ್ಮ ಮಾತು ಕೇಳಲು ಬಂದೆ ಅನ್ನುವುದಕ್ಕೆ ನಾಚಿಕೆ. ಒಂದು ಉಣ್ಣೆ ಟೋಪಿ ಕೊಳ್ಳುತ್ತೇನೆ. ನಮ್ಮ ಬಿಸಿಲ ಊರಲ್ಲಿ ಅದನ್ನು ಯಾರೂ ಹಾಕುವುದಿಲ್ಲ.