ಗಂಡಿನವರಿಗೆ ಬಡಿಸಿದ ಬ್ರೆಡ್ಡು

ಗೋಡೆಯಾಚೆಯಿಂದ ಟಕಟಕನೆ ಮೂಲಂಗಿ ಹೆಚ್ಚುವ ಸದ್ದು ಕೇಳಿದರೆ, ಪಕ್ಕದ ಮನೆಯಾಕೆ ಕೆಲಸದಿಂದ ಬಂದಳೆಂದು ನನಗೆ ಗೊತ್ತಾಗುತ್ತಿತ್ತು. ಹೊಸೂರಿನ ಫ್ಯಾಕ್ಟರಿಯೊಂದರ ಗೆಸ್ಟ್‌ಹೌಸಿನಲ್ಲಿ ಅವಳು ಜಪಾನಿನವರಿಗೆ ಅಡುಗೆ ಮಾಡುತ್ತಿದ್ದಳು. ಅಲ್ಲಿ ಕಲಿತ ಓಪನ್ ಸ್ಯಾಂಡ್‌ವಿಚ್ ಎಂದರೆ ಅವಳಿಗೆ ಹೆಮ್ಮೆ. ಒಂದೇ ಬ್ರೆಡ್ಡಿನ ಮೇಲೆ ಕ್ಯಾರೆಟ್, ಸೌತೆ, ಮೊಟ್ಟೆಯ ಹಳದಿ, ಕರಿ ಎಳ್ಳು, ಎಲ್ಲವನ್ನೂ ಸೋ ಪ್ರೆಟಿ ಎನ್ನುವ ಹಾಗೆ ಜೋಡಿಸಿ, ತಲೆ ಓರೆ ಮಾಡಿ ನೋಡಿ, "ಮೊದ್ಲು ಕಣ್ಣು ಉಣ್ಬೇಕು ಕಣಮ್ಮಾ" ಅನ್ನುತ್ತಿದ್ದಳು.

ಅವಳ ಮಗಳನ್ನು ನೋಡಲು ಬಾಗಲೂರಿನಿಂದ ಗಂಡಿನವರು ಬಂದ ದಿನ, ಹೇಗಾದರೂ ಸಂಬಂಧ ಕುದುರಲಿ ಎಂದು ಮಧ್ಯಾಹ್ನದ ಊಟಕ್ಕೆ ತನ್ನ ಬೆಸ್ಟ್ ಅಡುಗೆಯನ್ನೇ ಮಾಡಿದಳು. ನಮ್ಮ ಕಡೆ ಬ್ರೆಡ್ ಎಂದರೆ ಕಾಯಿಲೆಯವರ ಊಟ ಎಂಬುದೇ ಅವಳಿಗೆ ಮರೆತುಹೋಗಿತ್ತು.

ಗಂಡಿನ ತಾಯಿ ತಟ್ಟೆ ನೋಡಿ, "ಯಾರಿಗಮ್ಮಾ ಜ್ವರ?" ಎಂದರು. ಬಂದವರೆಲ್ಲ ನಕ್ಕರು.

"ಯಾರ್ಗೂ ಇಲ್ಲ ಕಣಕ್ಕಾ, ಇದು ಜಪಾನ್ ಊಟ."

"ಅಂಗಾದ್ರೆ ಮನೇಲಿ ದಿನಾ ಬ್ರೆಡ್ಡೇನಾ? ಹುಡ್ಗಿ ಬೇರೆ ಸಣ್ಕವ್ಳೆ."

ಯಾರೂ ತಟ್ಟೆ ಮುಟ್ಟಲಿಲ್ಲ. ಹುಡುಗಿಗೆ ಏನೋ ರೋಗವಿದೆಯಂತೆ ಎಂಬ ಮಾತು ಬೇಗನೆ ಬಾಗಲೂರಿನಿಂದ ನಮ್ಮ ಬೀದಿಗೂ ಬಂತು. ಪೀಪಲ್ ಕ್ಯಾನ್ ಬಿ ಸೋ ಕ್ರೂಯೆಲ್.

ಪಕ್ಕದ ಮನೆ ಖಾಲಿ ಮಾಡಿ ಹೋಗುವ ಮುಂಚೆ ಅವಳನ್ನು ನಾನು ಕೊನೆಯ ಸಲ ಕಂಡದ್ದು ಅದೇ ಹುಡುಗನ ಮದುವೆಯಲ್ಲಿ. ಹೆಣ್ಣು ನಮ್ಮದೇ ಬೀದಿಯ ಬೇರೆ ಮನೆಯವಳು. ಊಟದ ಪಂಕ್ತಿಯಲ್ಲಿ ಪಕ್ಕದ ಮನೆಯಾಕೆ ನನ್ನ ಬದಿಯಲ್ಲೇ ಕೂತಿದ್ದಳು. ಹುಡುಗನ ತಾಯಿ ಪಾಯಸ ಬಡಿಸುತ್ತ ಬಂದು, "ಮಗ್ಳು ಹೆಂಗವ್ಳಮ್ಮಾ? ಈಗ ವಾಸೀನಾ?" ಎಂದು ಎಲ್ಲರಿಗೂ ಕೇಳುವಂತೆ ವಿಚಾರಿಸಿದರು.

"ವಾಸಿ ಕಣಕ್ಕಾ" ಎಂದವಳೇ, ಬಿಸಿ ಪಾಯಸದ ಮೇಲೆ ಎಲೆ ಮಡಚಿದಳು.