ತೆರೆಯದೆ ಓದಿದ ಸಂದೇಶಗಳು

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಕೆಲಸಕ್ಕೆಂದು ಬಂದು ನೆಲೆಸಿದ ಮರಾಠಿ ಸೀಮೆಯ ತಳೇಗಾಂವ ದಾಭಾಡೆಯ ತನ್ನ ಕೋಣೆಯ ಬಾಗಿಲ ಮುಂದೆ ಕುಳಿತು ಅಂಬಾದಾಸ ಫೋನಿನ ಪರದೆಯ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಜಾರಿಸುತ್ತಿದ್ದ. ಜಾರಿಸಿದರೆ ಸಾಲುಗಳು ಸರಿಯುತ್ತವೆ, ತಟ್ಟಿದರೆ ಸಂದೇಶ ತೆರೆದುಕೊಳ್ಳುತ್ತದೆ. ತೆರೆಯುವುದು ಅವನಿಗೆ ಬೇಕಿರಲಿಲ್ಲ.

ಪರದೆಯ ಅರ್ಧವನ್ನು ಒಂದು ವಿಜೆಟ್ ತುಂಬಿತ್ತು. ವಿಜೆಟ್ ಅಂದರೆ ಆ್ಯಪ್ ಅಲ್ಲ. ಆ್ಯಪ್ ತನ್ನ ಕೆಲಸವನ್ನು ಒಳಗೆ ಮಾಡಿಕೊಂಡಿರುತ್ತದೆ. ಅಲ್ಲಿ ಏನಿದೆ ಎಂಬುದನ್ನು ಫೋನಿನ ಮೊದಲ ಪರದೆಯ ಮೇಲೆಯೇ ತೋರಿಸುವ ಚೌಕ ವಿಜೆಟ್. ಹವಾಮಾನದ್ದು ಬಿಸಿಲು ಎಷ್ಟೆಂದು ತೋರಿಸುತ್ತದೆ, ಗಡಿಯಾರದ್ದು ಹೊತ್ತು ತೋರಿಸುತ್ತದೆ. ಅಂಬಾದಾಸನ ಫೋನಿನಲ್ಲಿದ್ದದ್ದು ಸಂದೇಶಗಳ ವಿಜೆಟ್. ಇನ್ನೂ ತೆರೆಯದ ಸಂದೇಶಗಳನ್ನು ಮಾತ್ರ ಅದು ಒಂದರ ಕೆಳಗೊಂದು ತೋರಿಸುತ್ತಿತ್ತು. ತೆರೆದೊಡನೆ ಆ ಸಾಲು ಚೌಕದಿಂದ ಹೋಗಿಬಿಡುತ್ತಿತ್ತು.

ಇದನ್ನು ಅವನು ನೋಡಿಯೇ ಕಂಡುಕೊಂಡಿದ್ದ. ಸೂಪರ್‌ವೈಸರನ ಸಂದೇಶ ತೆರೆದ, ಅದು ಹೋಯಿತು. ಕೋಣೆಯ ಮಾಲೀಕನದು ತೆರೆದ, ಅದೂ ಹೋಯಿತು. ಅಂದಿನಿಂದ ಉಳಿದವರದ್ದನ್ನೆಲ್ಲ ಬಂದ ಕೂಡಲೇ ತೆರೆದು ಸರಿಸುವುದು, ಮಗಳು ಶೀತಲಳದ್ದನ್ನು ಮುಟ್ಟದೆ ಉಳಿಸುವುದು ಅವನ ರೂಢಿಯಾಯಿತು. ಹೀಗೆ ಆ ಚೌಕದಲ್ಲಿ ಅವಳ ಸಂದೇಶಗಳಷ್ಟೇ ಉಳಿದವು.

ಶೀತಲ ಇರುವುದು ಪಕ್ಕದ ನಗರದ ಕೋಥರೂಡದಲ್ಲಿ. ತಾನೇ ಮೆಚ್ಚಿದ ಮರಾಠಿ ಹುಡುಗ ರಾಜೀವನನ್ನು ರಿಜಿಸ್ಟರ್ ಮದುವೆಯಾಗಿ, ಆಮೇಲೆ ಅಪ್ಪನಿಗೆ ಫೋನ್ ಮಾಡಿ, ಮನೆಯ ವಿಳಾಸದ ಸಮೇತ ತಿಳಿಸಿದ್ದಳು. ಅಂಬಾದಾಸನಿಗೆ ಹುಡುಗನ ಮೇಲೆ ಸಿಟ್ಟಿರಲಿಲ್ಲ, ತನಗೆ ಮೊದಲೇ ಹೇಳಲಿಲ್ಲವಲ್ಲ ಎಂಬುದರ ಮೇಲಿತ್ತು. "ಇನ್ನ ನಿನ್ನ ಕೂಡ ಮಾತಾಡಂಗಿಲ್ಲ" ಎಂದು ಫೋನ್ ಇಟ್ಟ. ಹೆಂಡತಿ ಸಾಬವ್ವ ಬದುಕಿದ್ದರೆ ಮರುದಿನವೇ ಆ ಮಾತನ್ನು ಮುರಿಸುತ್ತಿದ್ದಳು. ಮುರಿಸುವವರಿಲ್ಲದೆ ಅದು ನಿಂತಿತು. ಮಗಳ ಕರೆಗಳನ್ನು ಅವನು ಎತ್ತಲಿಲ್ಲ, ಅವಳು ಬರೆಯತೊಡಗಿದಳು.

"ಅಪ್ಪಾ, ಊಟ ಮಾಡಿದಿ?"

"ಇಲ್ಲಿ ಯಾರಿಗೂ ಕನ್ನಡ ಬರಂಗಿಲ್ಲ. ಬೆಕ್ಕಿನ ಕೂಡ ಮಾತಾಡ್ಲಕ್ಕತ್ತೀನಿ."

"ಇವತ್ತ ಜ್ವಾಳದ ರೊಟ್ಟಿ ಬಡದೆ. ಅತ್ತಿ ಇದು ಭಾಕ್ರಿನೇ ಅಲ್ಲ ಅಂದ್ರು."

ಏಳನೆಯ ತರಗತಿಯವರೆಗೆ ಓದಿದ ಅಂಬಾದಾಸ ಪ್ರತಿಯೊಂದನ್ನೂ ತುಟಿ ಅಲ್ಲಾಡಿಸುತ್ತ ಓದುತ್ತಿದ್ದ. ಓದುವುದು ಮಾತಾಡಿದಂತಲ್ಲ, ಹಾಗಾಗಿ ಆಡಿದ ಮಾತು ತಪ್ಪಿದಂತೆಯೂ ಆಗುತ್ತಿರಲಿಲ್ಲ. ಸಂಜೆ ಕಾರ್ಖಾನೆಯಿಂದ ಬಂದು ಸ್ಟೋವಿನ ಮೇಲೆ ಅನ್ನಕ್ಕಿಟ್ಟು, ಅದು ಬೇಯುವವರೆಗೆ ಹಳೆಯ ಸಾಲುಗಳನ್ನು ಇನ್ನೊಮ್ಮೆ ಸರಿಸಿ ನೋಡುತ್ತಿದ್ದ. ಆ ಕೋಣೆಯಲ್ಲಿ ಅವನನ್ನು ಉದ್ದೇಶಿಸಿ ಬರುವ ಮಾತು ಅದೊಂದೇ.

ಆ ಬೆಳಿಗ್ಗೆ ಚೌಕದಲ್ಲಿ ಹೊಸದೊಂದು ಬಂದಿತ್ತು. "ರವಿವಾರ ಕುಬಸ ಅದ. ನೀ ನನ್ನುವು ಒಂದೂ ಓದಿಲ್ಲ, ಇದನೂ ಓದಂಗಿಲ್ಲ. ಇನ್ನ ಬರಿಯಂಗಿಲ್ಲಪ್ಪಾ."

ಬಸುರಿ ಮಗಳಿಗೆ ಕುಬಸ ಮಾಡಿ ಹಸಿರು ಸೀರೆ ಉಡಿಸಬೇಕಾದವರು ತವರಿನವರು. ಅದಕ್ಕಿಂತಲೂ ಅವನನ್ನು ತಡೆದು ನಿಲ್ಲಿಸಿದ್ದು ನಡುವಿನ ಮಾತು. ಒಂದೂ ಓದಿಲ್ಲವೆಂದು ಅವಳಿಗೆ ಯಾರು ಹೇಳಿದರು?

ಕಾರ್ಖಾನೆಯಲ್ಲಿ ಅಂಬಾದಾಸನದು ಪೆಟ್ಟಿಗೆಗಳಿಗೆ ಪಟ್ಟಿ ಬಿಗಿಯುವ ಕೆಲಸ. ಊಟದ ಬಿಡುವಿನಲ್ಲಿ ಅವನು ಜೊತೆಯ ಕೆಲಸಗಾರ, ಶೀತಲಳಿಗೂ ಪರಿಚಯವಿದ್ದ ಮಾಂತುವಿನ ಮುಂದೆ ಫೋನ್ ಹಿಡಿದ. ವಿಜೆಟ್ ಹಾಕಿಕೊಟ್ಟವನು ಮಾಂತುವೇ.

"ಕಾಕಾ, ಇವು ಒಂದೂ ತೆಗದಿಲ್ಲಲ್ರಿ!"

"ಯಾಕ ತೆಗೀಬೇಕು? ಎಲ್ಲಾ ಓದೀನಿ."

"ಹೊರಗಿಂದ ಓದಿದ್ರ ಅಕಿಗಿ ಹ್ಯಾಂಗ ಗೊತ್ತಾಗ್ಬೇಕ್ರಿ? ಒಳಗ ಹೋಗಿ ತೆಗದ್ರ ಅಲ್ಲಿ ಅಕಿ ಫೋನಿನ್ಯಾಗ ಎರಡು ಗೀಟು ನೀಲಿ ಆಗ್ತಾವ. ನೀವು ಮಂದಿ ಮನಿ ಕಿಡಕ್ಯಾಗ ಇಣಿಕಿ ನೋಡಿ, ಬಂದು ಮಾತಾಡಿಸಿ ಹೋದೆ ಅಂದಂಗಾಯ್ತು!"

ಪಕ್ಕದ ಬೆಂಚಿನವರು ನಕ್ಕರು. ತಾನು ಯಾರಿಗೂ ಏನೂ ಬರೆಯದ ಅಂಬಾದಾಸನಿಗೆ ಈ ಗೀಟುಗಳ ವಿಷಯ ತಿಳಿಯುವ ದಾರಿಯೇ ಇರಲಿಲ್ಲ.

"ತೆಗದ್ರ ಹೋಗ್ತಾವಲ್ಲೋ."

"ಎಲ್ಲಿ ಹೋಗ್ತಾವ್ರಿ? ಈ ಚೌಕದಾಗ ಕಾಣಂಗಿಲ್ಲ ಅಷ್ಟೇ, ಒಳಗ ಹಂಗೇ ಇರ್ತಾವ. ಕೊಡ್ರಿ ಇಲ್ಲಿ, ಈಗೇ ಎಲ್ಲಾ ನೀಲಿ ಮಾಡ್ತೀನಿ."

ಅಂಬಾದಾಸ ಫೋನನ್ನು ಹಿಂದಕ್ಕೆ ಎಳೆದುಕೊಂಡ. "ಬ್ಯಾಡ. ಈಗ ಮಾಡಿದ್ರ ಅಕಿ ಏನಂತ ತಿಳೀತಾಳ? ಇಷ್ಟು ದಿನ ಬಿಟ್ಟು, ಕುಬಸ ಅಂದ ಮ್ಯಾಲ ಇವತ್ತ ಓದಿದ ಅಂತ."

ಮಾಂತು ನಗು ನಿಲ್ಲಿಸಿ ರೊಟ್ಟಿ ಮುರಿದ. ಇಂಥ ದಿನ ಹೊರಗಿನಿಂದ ಓದಿದ ಎಂದು ಎಲ್ಲಿಯೂ ದಾಖಲಾಗುವುದಿಲ್ಲ. ವಿಜೆಟ್ ತೋರಿಸುತ್ತದೆ, ಯಾರು ನೋಡಿದರು ಎಂಬುದನ್ನು ಇಟ್ಟುಕೊಳ್ಳುವುದಿಲ್ಲ.

ಶನಿವಾರ ಸಂಜೆ ಅಂಬಾದಾಸ ಸೀರೆಯ ಅಂಗಡಿಯಲ್ಲಿ ಎರಡು ಹಸಿರುಗಳ ನಡುವೆ ಬಹಳ ಹೊತ್ತು ನಿಂತ. ಮನೆಯಾಕೆಯನ್ನು ಕರೆತಂದಿದ್ದರೆ ಚೆನ್ನಾಗಿತ್ತು ಎಂದು ಅಂಗಡಿಯವನು ಮರಾಠಿಯಲ್ಲಿ ಹೇಳಿದ. ಅಂಬಾದಾಸ ಹೌದೆಂದು ತಲೆಯಾಡಿಸಿ, ಹೆಚ್ಚು ಗಾಢವಾಗಿದ್ದದ್ದನ್ನು ಕಟ್ಟಿಸಿಕೊಂಡ.

ರವಿವಾರ ಲೋಕಲ್ ರೈಲಿನಲ್ಲಿ ಶಿವಾಜಿನಗರದವರೆಗೆ ಫೋನನ್ನು ಜೇಬಿನಿಂದ ತೆಗೆಯಲಿಲ್ಲ. ಜನರ ನೂಕಿನಲ್ಲಿ ಬೆರಳು ತಟ್ಟಿಬಿಟ್ಟರೆ ಎಂಬ ಭಯ. ಅಲ್ಲಿಂದ ಬಸ್ಸು. ಕೋಥರೂಡದ ಆ ವಿಳಾಸದ ವಸತಿ ಸೊಸೈಟಿಯ ಮೂರನೆಯ ಮಹಡಿಯಲ್ಲಿ ಬಾಗಿಲು ತೆರೆದವಳು ಶೀತಲಳೇ. ಒಳಗೆ ಹೆಂಗಸರು ಮರಾಠಿಯಲ್ಲಿ ಜೋರಾಗಿ ಮಾತಾಡುತ್ತಿದ್ದರು.

"ಯಾರು ಹೇಳಿದ್ರು ನಿನಗ?" ಎಂದಳು. ಒಳಗೆ ಬಾ ಎನ್ನಲಿಲ್ಲ.

"ನೀನೇ ಬರದಿದ್ದಿಯಲ್ಲವ್ವಾ."

"ಸುಳ್ಳ ಹೇಳಬ್ಯಾಡಪ್ಪಾ. ನಾ ಬರದಿದ್ದು ಒಂದೂ ನೀ ತೆಗದು ನೋಡಿಲ್ಲ. ಮಾಂತು ಅಣ್ಣಗ ಯಾರರೆ ಹೇಳಿರ್ಬೇಕು, ಅವರು ನಿನಗ ಕಳಸ್ಯಾರ."

"ತೆಗದಿಲ್ಲ. ಹೊರಗಿಂದೇ ಓದೀನಿ." ಸೀರೆಯ ಚೀಲವನ್ನು ಎಡಗೈಗೆ ದಾಟಿಸಿ ಅವನು ಫೋನ್ ಕೊಟ್ಟ.

ಶೀತಲ ಚೌಕವನ್ನು ಕೆಳಗಿನವರೆಗೂ ಸರಿಸಿದಳು. ಅಲ್ಲಿ ಅವಳನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ರೊಟ್ಟಿ, ಬೆಕ್ಕು, ಊಟ ಮಾಡಿದಿ, ಊಟ ಮಾಡಿದಿ. ಅವಳ ಬೆರಳು ನಿಂತಿತು.

"ಇವು ಇಲ್ಲಿ ಕಾಣ್ತಾವ, ಖರೆ. ಕಂಡಿದ್ದೆಲ್ಲ ಓದೀದಿ ಅಂತ ಹ್ಯಾಂಗ ನಂಬ್ಲಿ?"

ಒಳಗಿನಿಂದ ಯಾರೋ ಅವಳನ್ನು ಕರೆದರು. ಅವಳು ಹೋಗಲಿಲ್ಲ. ಪರದೆಯನ್ನು ಅಂಗೈಯಿಂದ ಮುಚ್ಚಿ ಫೋನನ್ನು ಎದೆಗೆ ಒತ್ತಿಕೊಂಡಳು.

"ಹಂಗಾರ ಹೇಳು. ದವಾಖಾನಿಗಿ ಹೋಗಿ ಬಂದು, ರಕ್ತ ಕಡಿಮಿ ಅದ, ಅಂಜಿಕಿ ಆಗ್ಯಾದ ಅಂತ ಬರದಿದ್ದೆ. ರಕ್ತ ಎಷ್ಟದ ಅಂತ ಬರದಿದ್ದೆ?"

ಅಂಬಾದಾಸ ಕಣ್ಣು ಮುಚ್ಚಲಿಲ್ಲ, ತಡವರಿಸಲಿಲ್ಲ. ಅನ್ನ ಬೇಯುವವರೆಗೆ ಅವನು ಎಷ್ಟು ಸಲ ಆ ಸಾಲಿನ ಮೇಲೆ ನಿಂತಿದ್ದನೋ.

"ಒಂಬತ್ತು ಪಾಯಿಂಟ್ ನಾಕು."